ಶುಂಠಿ ಹೊಲದ ಕಳೆ, ಜೋತುಬಿದ್ದ ಪಾದ: ಒಂದು ನರದ ಪ್ರಕರಣ

ಆಲೂರು ಕಡೆಯ ಒಂದು ಹಳ್ಳಿಯ ಹೆಂಗಸು. ವಯಸ್ಸು ನಲವತ್ತರ ಆಸುಪಾಸು, ಕೂಲಿ ಕೆಲಸ. ಬಲಗಾಲಿನ ಪಾದ ಮೇಲಕ್ಕೆ ಎತ್ತಲು ಬರುತ್ತಿಲ್ಲ. ನಡೆಯುವಾಗ ಮಂಡಿಯನ್ನು ಮಾಮೂಲಿಗಿಂತ ಎತ್ತರಕ್ಕೆ ಎತ್ತಿ ಪಾದವನ್ನು ಪಟ್ ಅಂತ ನೆಲಕ್ಕೆ ಬಿಡುತ್ತಾರೆ. ಹಾಗೆ ಎತ್ತದಿದ್ದರೆ ಬೆರಳು ನೆಲಕ್ಕೆ ತಾಗಿ ಮುಗ್ಗರಿಸುತ್ತಾರೆ. ನೋವು ಇಲ್ಲವೇ ಇಲ್ಲ. ಮನೆಯವರಿಗೆಲ್ಲ ಇದು ಲಕ್ವ ಅನ್ನುವ ಭಯ. ನನ್ನ ಹತ್ತಿರ ಬರುವ ಮೊದಲು ಒಂದು ಕಡೆ ಸೊಂಟದ ಡಿಸ್ಕ್ ಜಾರಿದೆ ಅಂತ ಬೆಲ್ಟ್ ಕೊಟ್ಟಿದ್ದರು, ಇನ್ನೊಂದು ಕಡೆ ನರಕ್ಕೆ ಶಕ್ತಿ ಬರಲಿ ಅಂತ ವಿಟಮಿನ್ ಇಂಜೆಕ್ಷನ್ ಶುರು ಮಾಡಿದ್ದರು.

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಈ ಕೇಸನ್ನು ಇಷ್ಟು ಉದ್ದಕ್ಕೆ ಬರೆಯಲು ಕಾರಣ ಇದೆ. ನರಕೋಶದ ಚಿತ್ರವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬರೆದು, ಭಾಗ ಗುರುತಿಸಿ, ಅಂಕ ತೆಗೆದುಕೊಂಡು ಮರೆತಿದ್ದೇವೆ. ಆದರೆ ಆ ಚಿತ್ರದ ಯಾವ ಭಾಗಕ್ಕೆ ಪೆಟ್ಟಾಗಿದೆ ಅನ್ನುವುದರ ಮೇಲೇ ಈ ಅಕ್ಕ ಕೆಲವು ವಾರಕ್ಕೆ ಸರಿಹೋಗುತ್ತಾರೋ, ವರ್ಷ ಕಾಯಬೇಕೋ ಅನ್ನುವುದು ನಿಂತಿತ್ತು. ‘ನರ ವೀಕ್ ಆಗಿದೆ’ ಅಂತ ಹೇಳಿ ಕಳಿಸಿದರೆ ರೋಗಿಗೆ ಏನೂ ಗೊತ್ತಾಗುವುದಿಲ್ಲ, ಕೆಲಸಕ್ಕೆ ಯಾವಾಗ ಹೋಗಬಹುದು ಅಂತಲೂ ಗೊತ್ತಾಗುವುದಿಲ್ಲ. ಕೂಲಿಯವರಿಗೆ ಅದೇ ತಾನೇ ಮುಖ್ಯ ಪ್ರಶ್ನೆ. ಬರೆಯುವುದಕ್ಕೆ ಅವರೇ ಒಪ್ಪಿದ್ದಾರೆ. ಹೆಸರು, ಊರು ಬೇಡ.

ಮೊದಲ ಸುಳಿವು ಅವರ ಚಪ್ಪಲಿ. ಹೊಲದಿಂದ ಮನೆಗೆ ಬರುವ ದಾರಿಯಲ್ಲಿ ಬಲಗಾಲಿನ ಹವಾಯಿ ಚಪ್ಪಲಿ ಕಳಚಿ ಹಿಂದೆ ಉಳಿದಿತ್ತು. ‘ಕಾಲಲ್ಲಿ ಚಪ್ಲಿ ಇಲ್ಲ ಅಂತ್ಲೇ ಗೊತ್ತಾಗ್ಲಿಲ್ಲ ಸಾರ್, ಹಿಂದೆ ಬರ್ತಿದ್ದೋಳು ಕೂಗಿ ಹೇಳಿದ್ಲು’ ಅಂದರು. ಹವಾಯಿ ಚಪ್ಪಲಿ ಕಾಲಿನಲ್ಲಿ ನಿಲ್ಲಬೇಕಾದರೆ ಬೆರಳುಗಳು ಅದನ್ನು ಹಿಡಿದುಕೊಳ್ಳಬೇಕು, ಹೆಜ್ಜೆ ಎತ್ತುವಾಗ ಪಾದದ ಮುಂಭಾಗ ಮೇಲೆ ಬರಬೇಕು. ಇಲ್ಲಿ ಪಾದ ಜೋತುಬಿದ್ದಿದೆ. ಜೊತೆಗೆ ಪಾದದ ಮೇಲ್ಭಾಗಕ್ಕೆ ಪಟ್ಟಿ ತಾಗುತ್ತಿದೆಯೋ ಇಲ್ಲವೋ ಅನ್ನುವ ಸುದ್ದಿಯೂ ಮೇಲಕ್ಕೆ ಹೋಗುತ್ತಿಲ್ಲ. ಅಂದರೆ ಎರಡು ಜಾತಿಯ ನರಕೋಶಕ್ಕೆ ಒಂದೇ ಸಲ ತೊಂದರೆಯಾಗಿದೆ: ಅಪ್ಪಣೆ ಕೆಳಕ್ಕೆ ಒಯ್ಯುವುದು ಒಂದು, ಸ್ಪರ್ಶ ಮೇಲಕ್ಕೆ ಒಯ್ಯುವುದು ಇನ್ನೊಂದು.

ಹಿಂದಿನ ದಿನಗಳಲ್ಲಿ ಏನು ಕೆಲಸ ಮಾಡಿದ್ದೀರಿ ಅಂತ ಕೇಳಿದೆ. ಶುಂಠಿ ಹೊಲದಲ್ಲಿ ಕಳೆ. ಮುಂಗಾರು ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಕಳೆ ಮೇಲೆದ್ದಿತ್ತು, ಮಾಲೀಕರಿಗೆ ಅವಸರ. ಬೆಳಗ್ಗೆಯಿಂದ ಸಂಜೆತನಕ ಕುಕ್ಕರಗಾಲಿನಲ್ಲಿ ಕೂತು, ಎದ್ದು ನಿಲ್ಲದೆ, ಕೂತಲ್ಲೇ ಸರಿಯುತ್ತ ಮಡಿಯಿಂದ ಮಡಿಗೆ ಹೋಗಿದ್ದರು. ವಾರವಿಡೀ ಇದೇ. ಆದರೆ ಅದೇ ಹೊಲದಲ್ಲಿ ಅವರ ಜೊತೆ ಇನ್ನೂ ಹೆಂಗಸರಿದ್ದರು, ಅವರಿಗೆ ಏನೂ ಆಗಿಲ್ಲ. ಈಕೆಗೆ ಮಾತ್ರ ಯಾಕೆ? ಅದಕ್ಕೂ ಉತ್ತರ ಸಿಕ್ಕಿತು. ಹಿಂದಿನ ತಿಂಗಳು ಟೈಫಾಯ್ಡ್ ಆಗಿ ತುಂಬ ಸೊರಗಿದ್ದರು. ‘ರವಿಕೆ ಎಲ್ಲ ಸಡ್ಲ ಆಗೋಗಿದೆ’ ಅಂತ ತೋಳಿನ ಹತ್ತಿರ ಬಟ್ಟೆ ಹಿಡಿದು ತೋರಿಸಿದರು. ಈ ಸಡಿಲ ರವಿಕೆ ಸುಮ್ನೆ ಮಾತಲ್ಲ, ಯಾಕೆ ಅಂತ ಮುಂದೆ ಬರುತ್ತದೆ.

ಈಗ ಪರೀಕ್ಷೆ. ಮುಖ ನೆಟ್ಟಗಿದೆ, ಮಾತು ಸರಿಯಿದೆ, ಕೈಯಲ್ಲಿ ಬಲ ಇದೆ. ಲಕ್ವ ಅಂದರೆ ಮೆದುಳಿನ ಪೆಟ್ಟು. ಅದರಲ್ಲಿ ಒಂದು ಪಾದ ಮಾತ್ರ ಹೀಗೆ ಮೆತ್ತಗೆ ಜೋತುಬೀಳುವುದು ಅಪರೂಪ. ಪಾದವನ್ನು ಮೇಲಕ್ಕೆತ್ತಿ ಅಂದರೆ ಸ್ವಲ್ಪ ಅಲುಗುತ್ತದೆ ಅಷ್ಟೇ. ಹೆಬ್ಬೆರಳು ಏಳುವುದಿಲ್ಲ. ಪಾದವನ್ನು ಹೊರಗಡೆಗೆ ತಿರುಗಿಸಲು ಆಗುವುದಿಲ್ಲ. ಒಳಗಡೆಗೆ ತಿರುಗಿಸಿ ಅಂದಾಗ ಮಾತ್ರ ಚೆನ್ನಾಗಿ, ನನ್ನ ಕೈಯನ್ನು ತಳ್ಳುವಷ್ಟು ಬಲವಾಗಿ ತಿರುಗಿಸಿದರು.

ಈ ಒಂದು ಚಲನೆಯ ಮೇಲೆ ಡಿಸ್ಕಿನ ಅನುಮಾನ ಮುಕ್ಕಾಲು ಪಾಲು ಬಿದ್ದುಹೋಯಿತು. ಪಾದ ಎತ್ತುವ ಸ್ನಾಯುವಿಗೂ ಒಳಕ್ಕೆ ತಿರುಗಿಸುವ ಸ್ನಾಯುವಿಗೂ ಬೆನ್ನಿನಲ್ಲಿ ಬೇರು ಹೆಚ್ಚುಕಡಿಮೆ ಒಂದೇ, ಸೊಂಟದ ಐದನೆಯ ನರ. ಡಿಸ್ಕ್ ಅದನ್ನು ಒತ್ತಿದರೆ ಎರಡೂ ಸೋಲಬೇಕು. ಆದರೆ ಮಂಡಿಯ ಹಿಂದೆ ಬರುವಷ್ಟರಲ್ಲಿ ಈ ಎಳೆಗಳು ಬೇರೆಬೇರೆ ನರಗಳಾಗಿ ಕವಲೊಡೆದಿರುತ್ತವೆ. ಒಳಕ್ಕೆ ತಿರುಗಿಸುವುದು ಟಿಬಿಯಲ್ ನರಕ್ಕೆ ಸೇರಿದ್ದು, ಎತ್ತುವುದು ಮತ್ತು ಹೊರಕ್ಕೆ ತಿರುಗಿಸುವುದು ಕಾಮನ್ ಪೆರೋನಿಯಲ್ ನರಕ್ಕೆ ಸೇರಿದ್ದು. ಒಂದು ಕೆಟ್ಟು ಇನ್ನೊಂದು ಸರಿಯಿದ್ದರೆ ತೊಂದರೆ ಆ ಕವಲಿನ ಕೆಳಗಿದೆ ಅಂತ ಅರ್ಥ. ತೊಡೆಯನ್ನು ಪಕ್ಕಕ್ಕೆ ಎತ್ತುವ ಬಲವೂ ಸರಿಯಿತ್ತು, ಅದೂ ಅದೇ ಬೇರಿನದು. ಬೆನ್ನು ನೋವು ಇರಲಿಲ್ಲ.

ಹತ್ತಿಯಿಂದ ಮುಟ್ಟಿದರೆ ಪಾದದ ಮೇಲ್ಭಾಗ, ಮೀನಖಂಡದ ಹೊರಬದಿ, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿ, ಇಷ್ಟರಲ್ಲಿ ಗೊತ್ತಾಗುತ್ತಿರಲಿಲ್ಲ. ಪಿನ್ನಿನಿಂದ ಚುಚ್ಚಿದರೆ ಅದೇ ಜಾಗದಲ್ಲಿ ಚುರುಕ್ ಅನ್ನುತ್ತಿತ್ತು, ಸ್ವಲ್ಪ ಮಂದವಾಗಿ. ಹತ್ತಿ ಗೊತ್ತಾಗದೆ ಪಿನ್ ಗೊತ್ತಾಗುವುದು ವಿಚಿತ್ರ ಅಲ್ವಾ? ಇದಕ್ಕೂ ಕಾರಣ ನರಕೋಶದ ರಚನೆಯಲ್ಲೇ ಇದೆ.

ನಮ್ಮ ಕಡೆ ಇಂಥ ಪಾದ ನೋಡಿದಾಗ ಇನ್ನೊಂದನ್ನು ಹುಡುಕದೆ ಬಿಡಬಾರದು, ಅದು ಕುಷ್ಠ. ರಾಷ್ಟ್ರ ಮಟ್ಟದಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲ ಅಂತ 2005ರಲ್ಲಿ ಘೋಷಣೆಯಾದರೂ ಹೊಸ ರೋಗಿಗಳು ಈಗಲೂ ಸಿಗುತ್ತಾರೆ, ಆ ರೋಗಾಣುವಿಗೆ ಇದೇ ಪೆರೋನಿಯಲ್ ನರದ ಎಳೆಗಳಿಗೆ ಹೊದಿಕೆ ಹೊದಿಸುವ ಶ್ವಾನ್ ಕೋಶಗಳೆಂದರೆ ಇಷ್ಟ. ಮೈಮೇಲೆ ಸ್ಪರ್ಶ ಇಲ್ಲದ ಮಚ್ಚೆ ಇರಲಿಲ್ಲ. ಮಂಡಿಯ ಹತ್ತಿರವಾಗಲಿ ಮೊಣಕೈಯಲ್ಲಾಗಲಿ ನರ ದಪ್ಪಗಾಗಿರಲಿಲ್ಲ. ಸಕ್ಕರೆ ಕಾಯಿಲೆಯೂ ಇಲ್ಲ.

ಕೊನೆಗೆ ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಗಟ್ಟಿಯಾಗಿ ಕೈಗೆ ಸಿಗುವ ಮೂಳೆಯ ಗುಬ್ಬಿಯ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಪಾದದವರೆಗೂ ಝುಂ ಅಂತ ಹರಿಯಿತು ಅಂದರು. ಓದುತ್ತಿರುವವರು ನಿಮ್ಮ ಕಾಲನ್ನೇ ಮುಟ್ಟಿ ನೋಡಿಕೊಳ್ಳಿ. ಆ ಗುಬ್ಬಿ ಫಿಬುಲಾ ಮೂಳೆಯ ತಲೆ. ಅದರ ಕೆಳಗಿನ ಕತ್ತಿನ ಸುತ್ತ ಈ ನರ ಸುತ್ತಿಕೊಂಡು ಮುಂದಕ್ಕೆ ಹೋಗುತ್ತದೆ. ಅಲ್ಲಿ ಅದರ ಕೆಳಗೆ ಮೂಳೆ, ಮೇಲೆ ಚರ್ಮ ಮತ್ತು ತೆಳ್ಳನೆಯ ಕೊಬ್ಬು, ಮತ್ತೇನೂ ಇಲ್ಲ. ಟೈಫಾಯ್ಡಿನಲ್ಲಿ ಸೊರಗಿದಾಗ ರವಿಕೆ ಸಡಿಲವಾದ ಹಾಗೆ ಇಲ್ಲಿದ್ದ ಕೊಬ್ಬೂ ಕರಗಿತ್ತು. ಬೇಗ ತೂಕ ಇಳಿದವರಲ್ಲಿ ಈ ನರ ಸೋಲುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಕುಕ್ಕರಗಾಲಿನಲ್ಲಿ ಕೂತಾಗ ಮಂಡಿ ಪೂರ್ತಿ ಮಡಚಿ, ನರ ಮೂಳೆಗೂ ಸ್ನಾಯುವಿನ ಬಿಗಿಯಾದ ಅಂಚಿಗೂ ನಡುವೆ ಸಿಕ್ಕಿಬೀಳುತ್ತದೆ, ಮೇಲಿಂದ ಎಳೆತವೂ ಬೀಳುತ್ತದೆ.

ಈಗ ಕೋಶಕ್ಕೆ ಬರೋಣ. ಪಾದ ಎತ್ತುವ ಸ್ನಾಯುವನ್ನು ಆಡಿಸುವ ನರಕೋಶ ಕಾಲಿನಲ್ಲಿ ಹುಟ್ಟುವುದಿಲ್ಲ. ಅದರ ಕೋಶಕಾಯ, ಅಂದರೆ ಕೋಶಕೇಂದ್ರ ಇರುವ ದಪ್ಪ ಭಾಗ, ಬೆನ್ನುಹುರಿಯ ಒಳಗಿದೆ, ಸೊಂಟಕ್ಕಿಂತ ಮೇಲೆ, ಹೆಚ್ಚುಕಡಿಮೆ ಕೊನೆಯ ಪಕ್ಕೆಲುಬಿನ ಮಟ್ಟದಲ್ಲಿ. ಅದರ ಮೈಯಿಂದ ಡೆಂಡ್ರೈಟ್ ಅನ್ನುವ ಕವಲುಗಳು ಹೊರಟಿರುತ್ತವೆ. ಅವುಗಳ ಮೇಲೆ ಬೇರೆ ನರಕೋಶಗಳ ಸಾವಿರಾರು ತುದಿಗಳು ಬಂದು ಕೂತು ‘ಮಾಡು’, ‘ಬೇಡ’ ಅಂತ ಹೇಳುತ್ತಿರುತ್ತವೆ. ಎಲ್ಲ ಸೇರಿ ಒಂದು ಮಟ್ಟ ದಾಟಿದರೆ ಆಕ್ಸಾನ್ ಅನ್ನುವ ಉದ್ದನೆಯ ಬಾಲ ಶುರುವಾಗುವ ಜಾಗದಲ್ಲಿ ಸಂಕೇತ ಹುಟ್ಟುತ್ತದೆ. ಆ ಆಕ್ಸಾನ್ ಒಂದೇ ಎಳೆಯಾಗಿ ಬೆನ್ನಿನಿಂದ ಇಳಿದು, ಕುಂಡಿಯ ಹಿಂದೆ ಹಾದು, ತೊಡೆ ದಾಟಿ, ಫಿಬುಲಾದ ಕತ್ತು ಸುತ್ತಿ ಸ್ನಾಯುವಿಗೆ ಸೇರುತ್ತದೆ. ಪಾದದ ಮೇಲಿನ ಸಣ್ಣ ಸ್ನಾಯುವಿಗೆ ಹೋಗುವ ಎಳೆ ಸುಮಾರು ಒಂದು ಮೀಟರ್ ಉದ್ದ. ಕೋಶಕಾಯದ ಅಗಲ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಆ ಕೋಶಕಾಯವನ್ನು ಒಂದು ಅಡಿಕೆಯ ಗಾತ್ರಕ್ಕೆ ಹಿಗ್ಗಿಸಿದರೆ ಅದರ ಬಾಲ ಅರ್ಧ ಕಿಲೋಮೀಟರ್ ಆಸುಪಾಸಿನಷ್ಟು ಉದ್ದ ಹೋಗುತ್ತದೆ. ಮತ್ತೆ ಮತ್ತೆ ಹೇಳುತ್ತೇನೆ, ಇದು ಒಂದೇ ಕೋಶ.

ಸ್ಪರ್ಶ ಒಯ್ಯುವ ಕೋಶ ಇನ್ನೂ ವಿಚಿತ್ರ. ಅದರ ಕೋಶಕಾಯ ಬೆನ್ನುಹುರಿಯ ಪಕ್ಕದ ಒಂದು ಗಂಟಿನಲ್ಲಿದೆ. ಅಲ್ಲಿಂದ ಒಂದು ಕವಲು ಕಾಲುಬೆರಳಿನವರೆಗೆ ಇಳಿದರೆ ಇನ್ನೊಂದು ಕವಲು ಬೆನ್ನುಹುರಿಯೊಳಗೆ ಮೆದುಳಿನ ಬುಡದವರೆಗೆ ಏರುತ್ತದೆ. ಹೆಬ್ಬೆರಳಿನಿಂದ ತಲೆಬುರುಡೆಯ ಕೆಳಭಾಗದವರೆಗೆ ಒಂದೇ ಕೋಶ!

ಇಷ್ಟು ಉದ್ದದ ಕೋಶಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಕೋಶಕಾಯದಲ್ಲಿ. ಅಲ್ಲಿಂದ ಆಕ್ಸಾನಿನೊಳಗಿನ ಸಣ್ಣ ಹಳಿಗಳ ಮೇಲೆ ಸಾಗಣೆ ಆಗುತ್ತದೆ. ವೇಗದ ಸಾಗಣೆ ದಿನಕ್ಕೆ 400 ಮಿಲಿಮೀಟರ್ ತನಕ ಹೋಗುತ್ತದೆ. ಆಕ್ಸಾನಿನ ಅಸ್ಥಿಪಂಜರ ಕಟ್ಟುವ ಪ್ರೋಟೀನುಗಳು ಮಾತ್ರ ದಿನಕ್ಕೆ ಒಂದೆರಡು ಮಿಲಿಮೀಟರ್ ತೆವಳುತ್ತವೆ. ಈ ನಿಧಾನದ ಲೆಕ್ಕವನ್ನು ನೆನಪಿಟ್ಟುಕೊಳ್ಳಿ.

ಸಂಕೇತದ ವಿಷಯ ಬೇರೆ. ಸುಮ್ಮನಿರುವ ಆಕ್ಸಾನಿನ ಒಳಗಡೆ ಹೊರಗಡೆಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಪೊರೆಯಲ್ಲಿರುವ ಪಂಪು ಪ್ರತಿ ಸಲ 3 ಸೋಡಿಯಂ ಅಯಾನು ಹೊರಹಾಕಿ 2 ಪೊಟ್ಯಾಸಿಯಂ ಒಳತರುತ್ತದೆ. ಸಂಕೇತ ಬಂದಾಗ ಸೋಡಿಯಂ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಒಂದು ಮಿಲಿಸೆಕೆಂಡಿನಷ್ಟು ಹೊತ್ತು ವೋಲ್ಟೇಜು ತಿರುಗುಮುರುಗಾಗುತ್ತದೆ, ಆಮೇಲೆ ಪೊಟ್ಯಾಸಿಯಂ ಹೊರಗೆ ಹೋಗಿ ಮೊದಲಿನಂತಾಗುತ್ತದೆ. ಸ್ಕ್ವಿಡ್ ಅನ್ನುವ ಸಮುದ್ರಜೀವಿಯ ದಪ್ಪ ಆಕ್ಸಾನಿನಲ್ಲಿ ಇದನ್ನು ಅಳೆದು 1952ರಲ್ಲಿ ಲೆಕ್ಕ ಸಮೇತ ತೋರಿಸಿದವರು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ.

ನಮ್ಮ ಕೇಸಿನ ತಿರುಳು ಇರುವುದು ಮೈಲಿನ್ ಪೊರೆಯಲ್ಲಿ. ದಪ್ಪ ಆಕ್ಸಾನುಗಳ ಸುತ್ತ ಶ್ವಾನ್ ಕೋಶಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿರುತ್ತವೆ. ಒಂದೊಂದೂ ತನ್ನ ಪಾಲಿನ ಒಂದು ಮಿಲಿಮೀಟರ್ ಆಸುಪಾಸು ಜಾಗಕ್ಕೆ ಮೈಲಿನ್ ಅನ್ನುವ ಕೊಬ್ಬಿನ ಪದರವನ್ನು ಸುತ್ತು ಸುತ್ತಾಗಿ ಹೊದಿಸಿರುತ್ತದೆ. ಎರಡು ಶ್ವಾನ್ ಕೋಶದ ನಡುವೆ ಒಂದು ಪುಟ್ಟ ಸಂದಿ, ರಾನ್ವಿಯೇ ಸಂದಿ. ಸೋಡಿಯಂ ಬಾಗಿಲುಗಳೆಲ್ಲ ಈ ಸಂದಿಗಳಲ್ಲೇ ಒತ್ತಾಗಿ ಕೂತಿವೆ. ಹಾಗಾಗಿ ಸಂಕೇತ ಸಂದಿಯಿಂದ ಸಂದಿಗೆ ಹಾರುತ್ತ ಹೋಗುತ್ತದೆ, ಕಾಲಿನ ನರದಲ್ಲಿ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ. ಮೈಲಿನ್ ಇಲ್ಲದ ಸಣ್ಣ ಎಳೆಗಳಲ್ಲಿ ಅದೇ ಸಂಕೇತ ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೇ. ನೋವು, ಬಿಸಿ, ತಂಪು ಹೊರುವುದರಲ್ಲಿ ಇಂಥ ಸಣ್ಣ ಎಳೆಗಳ ಪಾಲು ದೊಡ್ಡದು.

ಒತ್ತಡಕ್ಕೆ ಮೊದಲು ಬಲಿಯಾಗುವುದು ದಪ್ಪ, ಮೈಲಿನ್ ಇರುವ ಎಳೆಗಳು. 1972ರಲ್ಲಿ ಒಚೋವಾ, ಫೌಲರ್, ಗಿಲಿಯಟ್ ಅನ್ನುವವರು ಬಬೂನ್ ಕೋತಿಗಳ ಕಾಲಿಗೆ ಗಾಳಿ ತುಂಬಿದ ಪಟ್ಟಿ ಬಿಗಿದು, ಆಮೇಲೆ ನರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪಟ್ಟಿಯ ಅಂಚಿನ ಕೆಳಗೆ ರಾನ್ವಿಯೇ ಸಂದಿಗಳು ಜಾಗ ಬಿಟ್ಟು ಸರಿದಿದ್ದವು, ಒಂದು ತುಂಡು ಮೈಲಿನ್ ಪಕ್ಕದ ತುಂಡಿನೊಳಗೆ ತೂರಿಕೊಂಡಿತ್ತು. ಸಣ್ಣ ಎಳೆಗಳಿಗೆ ಅಷ್ಟು ಪೆಟ್ಟಾಗಿರಲಿಲ್ಲ. ಹತ್ತಿ ಗೊತ್ತಾಗದೆ ಪಿನ್ ಗೊತ್ತಾಗಿದ್ದು ಇದಕ್ಕೇ. ಕಾಲು ಜೋಮು ಹಿಡಿಯುವುದು ಇದಲ್ಲ. ಜೋಮಿನಲ್ಲಿ ರಕ್ತ ಕಡಿಮೆಯಾಗಿ ಪಂಪು ಸೋಲುತ್ತದೆ, ಕಾಲು ಚಾಚಿದರೆ ನಿಮಿಷಗಳಲ್ಲಿ ಸರಿಹೋಗುತ್ತದೆ. ಮೈಲಿನ್ ಹೀಗೆ ಮುದುಡಿದರೆ ಶ್ವಾನ್ ಕೋಶ ಅದನ್ನು ತೆಗೆದು ಹೊಸದಾಗಿ ಸುತ್ತಬೇಕು, ಅದಕ್ಕೆ ವಾರಗಳು ಬೇಕು.

ಒತ್ತಡ ಇನ್ನೂ ಜಾಸ್ತಿಯಾದರೆ ಒಳಗಿನ ಆಕ್ಸಾನೇ ತುಂಡಾಗುತ್ತದೆ. ಆಗ ಕೋಶಕಾಯದಿಂದ ಬೇರ್ಪಟ್ಟ ಕೆಳಗಿನ ಭಾಗ ಪೂರ್ತಿ ಸಾಯುತ್ತದೆ. ಇದನ್ನು ಕಪ್ಪೆಯ ನಾಲಗೆಯ ನರ ಕತ್ತರಿಸಿ 1850ರಲ್ಲಿ ತೋರಿಸಿದವರು ವಾಲರ್. ಅದೇ 1850ರಲ್ಲಿ, ಅದೂ ಕಪ್ಪೆಯಲ್ಲೇ, ನರದ ಸಂಕೇತದ ವೇಗವನ್ನು ಮೊದಲ ಬಾರಿಗೆ ಅಳೆದವರು ಹೆಲ್ಮ್‌ಹೋಲ್ಟ್ಸ್. ಈ ಅಕ್ಕನ ಕಾಲಿಗೆ ನಾವು ಮಾಡಿಸಬೇಕಿದ್ದ ಪರೀಕ್ಷೆ ಇವರಿಬ್ಬರ ಕೆಲಸವನ್ನೇ ಆಧರಿಸಿದ್ದು. ತುಂಡಾದ ಆಕ್ಸಾನ್ ಮತ್ತೆ ಬೆಳೆಯುತ್ತದೆ, ಆದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸರ್ಜನ್ ಸೆಡನ್ 1943ರಲ್ಲಿ ನರದ ಪೆಟ್ಟನ್ನು ಮೂರು ತರ ಅಂತ ವಿಂಗಡಿಸಿದರು: ಮೈಲಿನ್ ಮಾತ್ರ ಕೆಟ್ಟಿದ್ದು, ಆಕ್ಸಾನ್ ತುಂಡಾಗಿ ಹೊರಗಿನ ಕೊಳವೆ ಉಳಿದಿದ್ದು, ಇಡೀ ನರವೇ ಕತ್ತರಿಸಿಹೋಗಿದ್ದು. ಈಕೆಗೆ ಗಾಯವೇ ಇಲ್ಲ, ಮೂರನೆಯದು ಅಲ್ಲ. ಮೊದಲನೆಯದೋ ಎರಡನೆಯದೋ?

ಇದನ್ನು ಕಣ್ಣಿನಿಂದ ಹೇಳಲು ಆಗುವುದಿಲ್ಲ. ಎರಡರಲ್ಲೂ ಪಾದ ಒಂದೇ ತರ ಜೋತುಬೀಳುತ್ತದೆ. ನರರೋಗ ತಜ್ಞರ ಹತ್ತಿರ ಕಳಿಸಿದೆ. ನರದ ವಾಹಕತೆ ಪರೀಕ್ಷೆಯನ್ನು, ಅಂದರೆ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸ್ನಾಯು ಎಷ್ಟು ಸ್ಪಂದಿಸುತ್ತದೆ ಅಂತ ಅಳೆಯುವುದನ್ನು, ಅವರು ಕೂಡಲೇ ಮಾಡಲಿಲ್ಲ, ಪಾದ ಬಿದ್ದು ಮೂರನೆಯ ವಾರಕ್ಕೆ ಇಟ್ಟರು. ಮಗನಿಗೆ ಅಸಮಾಧಾನ: ‘ಡಾಕ್ಟ್ರೇ, ತಡ ಮಾಡಿದ್ರೆ ಜಾಸ್ತಿ ಆಗಲ್ವಾ?’ ಅದಕ್ಕೆ ಕಾರಣ ಇದೆ. ತುಂಡಾದ ಆಕ್ಸಾನಿನ ಕೆಳಭಾಗ ಒಂದೇ ಸಲಕ್ಕೆ ಸಾಯುವುದಿಲ್ಲ. ಸುಮಾರು ಒಂದು ವಾರದವರೆಗೂ ಕರೆಂಟ್ ಕೊಟ್ಟರೆ ಸ್ಪಂದಿಸುತ್ತದೆ. ಅಷ್ಟರೊಳಗೆ ಪರೀಕ್ಷೆ ಮಾಡಿಸಿದರೆ ಸಾಯಲಿರುವ ಆಕ್ಸಾನೂ ಬದುಕಿರುವಂತೆ ಕಾಣುತ್ತದೆ.

ಫಲಿತಾಂಶ ಹೀಗಿತ್ತು. ಪಾದದ ಮೇಲಿನ ಸಣ್ಣ ಸ್ನಾಯುವಿನಿಂದ ಅಳತೆ. ಚೆನ್ನಾಗಿರುವ ಎಡಗಾಲಿನಲ್ಲಿ ಗಿಣ್ಣಿನ ಹತ್ತಿರ ಕರೆಂಟ್ ಕೊಟ್ಟರೆ 5 ಮಿಲಿವೋಲ್ಟ್ ಬಂತು. ಬಲಗಾಲಿನಲ್ಲಿ ಅದೇ ಜಾಗದಲ್ಲಿ 3.1. ಫಿಬುಲಾ ತಲೆಯ ಕೆಳಗೆ ಕೊಟ್ಟರೆ 3.0. ಅಲ್ಲಿಂದ ಸ್ವಲ್ಪ ಮೇಲೆ, ಮಂಡಿಯ ಹಿಂದೆ ಕೊಟ್ಟರೆ 0.9! ವೇಗವೂ ಹಾಗೇ: ಮಂಡಿಯ ಕೆಳಗೆ ಸೆಕೆಂಡಿಗೆ 46 ಮೀಟರ್, ಮಂಡಿ ದಾಟುವಾಗ 22.

ಈ ಅಂಕಿಗಳನ್ನು ಓದುವುದೇ ಒಂದು ಖುಷಿ. ಗಿಣ್ಣಿನ ಹತ್ತಿರ ಕರೆಂಟ್ ಕೊಟ್ಟಾಗ ಮಂಡಿಯ ತೊಂದರೆ ದಾರಿಯಲ್ಲೇ ಇಲ್ಲ. ಅಲ್ಲಿ ಸಿಕ್ಕ ಉತ್ತರ ಎಷ್ಟು ಆಕ್ಸಾನ್ ಬದುಕಿದೆ ಅಂತ ಹೇಳುತ್ತದೆ. ಐದರಲ್ಲಿ ಮೂರು ಪಾಲು, ಅಂದರೆ ನೂರು ಎಳೆಯಲ್ಲಿ ಸುಮಾರು 60 ಬದುಕಿವೆ, 40 ಸತ್ತಿವೆ. ಮಂಡಿಯ ಮೇಲಿಂದ ಕೊಟ್ಟಾಗ ಬದುಕಿದ್ದ 60ರಲ್ಲಿ 20ರ ಸಂಕೇತ ಮಾತ್ರ ದಾಟಿತು. ಉಳಿದ 40 ಜೀವಂತ ಇವೆ, ಸ್ನಾಯುವಿಗೆ ಅಂಟಿಕೊಂಡೇ ಇವೆ, ಆದರೆ ಫಿಬುಲಾ ಕತ್ತಿನ ಆ ಕೆಲವೇ ಸೆಂಟಿಮೀಟರಿನಲ್ಲಿ ಮೈಲಿನ್ ಕೆಟ್ಟು ಸಂಕೇತ ನಿಂತುಹೋಗುತ್ತಿದೆ. ಇದು ಒರಟು ಲೆಕ್ಕ, ಎರಡು ಕಾಲಿನ ನಡುವೆ ಸಹಜವಾಗಿಯೇ ಸ್ವಲ್ಪ ವ್ಯತ್ಯಾಸ ಇರುತ್ತದೆ. ಆದರೂ ಉತ್ತರ ಸ್ಪಷ್ಟ: ಎರಡೂ ತರದ ಪೆಟ್ಟು ಒಂದೇ ನರದಲ್ಲಿ ಬೆರೆತಿದೆ.

ಹಾಗಾಗಿ ಮುನ್ಸೂಚನೆಯೂ ಎರಡು. ಮೈಲಿನ್ ಮಾತ್ರ ಕೆಟ್ಟ ಪಾಲು ಬೇಗ ಬರುತ್ತದೆ, ಆಕ್ಸಾನ್ ಸತ್ತ ಪಾಲು ನಿಧಾನ. ಅಮ್ಮ ಮಗ ಇಬ್ಬರಿಗೂ ಅವರ ಕಾಲಿನ ಮೇಲೇ ಬೆರಳಿಟ್ಟು ಇದನ್ನು ತೋರಿಸಿದೆ. ಇಲ್ಲಿ ಪೆಟ್ಟಾಗಿದೆ, ಇಲ್ಲಿಯ ತನಕ ಬೆಳೆಯಬೇಕು, ದಿನಕ್ಕೆ ಇಷ್ಟೇ ಬೆಳೆಯುತ್ತದೆ. ‘ಹಂಗಾದ್ರೆ ಇಂಜೆಕ್ಷನ್ ಹಾಕುಸ್ಕೊಂಡ್ರೆ ಬೇಗ ಬೆಳೆಯಲ್ವಾ’ ಅಂತ ಕೇಳಿದರು. ಬಿ12 ಕಡಿಮೆ ಇರುವವರಿಗೆ ಅದು ಬೇಕೇ ಬೇಕು, ಅದಿಲ್ಲದೆ ನರ ಕೆಡುತ್ತದೆ. ಈಕೆಯ ರಕ್ತದಲ್ಲಿ ಅದು ಸರಿಯಿತ್ತು. ಸರಿಯಿರುವವರಿಗೆ ಮತ್ತಷ್ಟು ಚುಚ್ಚಿದರೆ ಮಂಡಿಯ ಹತ್ತಿರದ ಮೈಲಿನ್ ರಿಪೇರಿ ಆಗುವುದಿಲ್ಲ. ತಜ್ಞರು ಅದನ್ನು ನಿಲ್ಲಿಸಿದರು. ಬೆಲ್ಟೂ ಹೋಯಿತು.

ಮಾಡಿದ್ದು ಸರಳ ಕೆಲಸ. ಕುಕ್ಕರಗಾಲು ಪೂರ್ತಿ ಬಂದ್. ಕಾಲ ಮೇಲೆ ಕಾಲು ಹಾಕಿ ಕೂರುವುದೂ ಬೇಡ. ಪಾದ ಜೋತುಬೀಳದಂತೆ ಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟೆವು, ಅದರ ಮೇಲಿನ ಪಟ್ಟಿ ಫಿಬುಲಾ ತಲೆಯನ್ನು ಒತ್ತದ ಹಾಗೆ ನೋಡಿ ಕಟ್ಟಬೇಕು, ಇಲ್ಲದಿದ್ದರೆ ಮದ್ದೇ ಮುಳ್ಳಾಗುತ್ತದೆ. ಹಿಮ್ಮಡಿಯ ಸ್ನಾಯು ಗಿಡ್ಡವಾಗಿ ಬಿಗಿದುಕೊಳ್ಳದಂತೆ ದಿನಾ ಪಾದವನ್ನು ಕೈಯಿಂದ ಮೇಲಕ್ಕೆ ಎಳೆದು ಹಿಡಿಯುವುದನ್ನು ಮಗನಿಗೆ ಕಲಿಸಿದೆ. ಬಿಸಿನೀರಿನ ಶಾಖ, ಒಲೆಯ ಮುಂದೆ ಕಾಲು ಕಾಸುವುದು ಬೇಡವೇ ಬೇಡ ಅಂದೆ. ಚರ್ಮಕ್ಕೆ ಬಿಸಿ ಸರಿಯಾಗಿ ಗೊತ್ತಾಗದಿದ್ದಾಗ ಸುಟ್ಟ ಗಾಯ ಆಗಲು ಹೊತ್ತು ಬೇಡ. ರಾತ್ರಿ ಪಾದ ತೊಳೆದು, ಒರೆಸಿ, ಮುಳ್ಳೋ ಗೀರೋ ಇದೆಯಾ ಅಂತ ಕಣ್ಣಿನಿಂದ ನೋಡಬೇಕು.

ಎರಡನೇ ತಿಂಗಳ ಹೊತ್ತಿಗೆ ಪಾದ ನೆಲದಿಂದ ಏಳತೊಡಗಿತು. ಮುಂದಿನ ಕೆಲವು ವಾರಗಳಲ್ಲಿ ನನ್ನ ಕೈ ಒತ್ತಿ ಹಿಡಿದರೂ ತಳ್ಳುವಷ್ಟು ಬಲ ಬಂತು. ಇದು ಮೈಲಿನ್ ಮತ್ತೆ ಸುತ್ತಿಕೊಂಡದ್ದರ ಫಲ. ಅದರ ಜೊತೆ ಇನ್ನೊಂದೂ ನಡೆದಿರುತ್ತದೆ. ಬದುಕಿದ ಆಕ್ಸಾನುಗಳು ಸ್ನಾಯುವಿನ ಒಳಗೆ ಹೊಸ ಕವಲು ಬಿಟ್ಟು, ತಮ್ಮ ನರ ಕಳೆದುಕೊಂಡ ಪಕ್ಕದ ಸ್ನಾಯು ಎಳೆಗಳನ್ನೂ ಸೇರಿಸಿಕೊಳ್ಳುತ್ತವೆ. ಆಮೇಲೆ ಒಂದೊಂದು ನರಕೋಶವೂ ಮೊದಲಿಗಿಂತ ಜಾಸ್ತಿ ಎಳೆಗಳನ್ನು ಎಳೆಯಬೇಕು, ಅದಕ್ಕೇ ಇಂಥವರಿಗೆ ಬಲ ಬಂದಮೇಲೂ ಬೇಗ ಆಯಾಸ ಆಗುತ್ತದೆ. ಸಂಜೆಯಾದರೆ ಕಾಲು ಸೋಲುತ್ತದೆ ಅಂತ ಅವರೇ ಹೇಳುತ್ತಿದ್ದರು.

ಈಗ ಸ್ಪ್ಲಿಂಟ್ ಇಲ್ಲದೆ ನಡೆಯುತ್ತಾರೆ. ಕಳೆ ಕೆಲಸಕ್ಕೂ ಹೋಗುತ್ತಾರೆ, ಆದರೆ ಗಿಡ್ಡ ಮಣೆಯ ಮೇಲೆ ಕೂತು. ಜೊತೆಯ ಇನ್ನೊಬ್ಬರೂ ಮಣೆ ತರತೊಡಗಿದ್ದಾರಂತೆ. ಶುಂಠಿ, ಆಲೂಗಡ್ಡೆ ಹೊಲ ಇರುವವರಿಗೆ ನನ್ನ ಕೋರಿಕೆ ಇಷ್ಟೇ: ಗಂಟೆಗೊಮ್ಮೆ ಎಲ್ಲರೂ ಎದ್ದು ನಿಂತು ನಾಲ್ಕು ಹೆಜ್ಜೆ ಓಡಾಡಲು ಬಿಡಿ, ಜ್ವರ ಬಂದು ಸೊರಗಿದವರಿಗೆ ಕುಕ್ಕರಗಾಲಿನಲ್ಲಿ ಕೂತು ಮಾಡುವ ಕೆಲಸ ಕೊಡಬೇಡಿ. ಪಾದದಲ್ಲಿ ಹೊಸದಾಗಿ ಬಲ ಕಡಿಮೆಯಾದರೆ, ನೋವಿಲ್ಲ ಅಂತ ಸುಮ್ಮನಿರದೆ ಅದೇ ವಾರ ವೈದ್ಯರಿಗೆ ತೋರಿಸಿ. ಮುಖ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಕೈಯೂ ಸೋತಿದ್ದರೆ ವಾರ ಅಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.

ಬಾಕಿ ಉಳಿದಿರುವುದು ಹೆಬ್ಬೆರಳಿನ ಬಲ ಸ್ವಲ್ಪ, ಬೆರಳ ಸಂದಿಯ ಸ್ಪರ್ಶ, ಮತ್ತೆ ಪಾದದ ಮೇಲಿನ ಆ ಸಣ್ಣ ಸ್ನಾಯು. ಅದು ಎಡಗಾಲಿಗಿಂತ ಇನ್ನೂ ತೆಳ್ಳಗಿದೆ. ಫಿಬುಲಾ ಕತ್ತಿನಿಂದ ಅಲ್ಲಿಗೆ ಟೇಪು ಹಿಡಿದರೆ 32 ಸೆಂಟಿಮೀಟರ್, ದಿನಕ್ಕೊಂದು ಮಿಲಿಮೀಟರಿನಂತೆ ಹತ್ತು ಹನ್ನೊಂದು ತಿಂಗಳ ದಾರಿ. ಮುಂದಿನ ನರಪರೀಕ್ಷೆಯನ್ನು ಅದಕ್ಕೇ ಬರುವ ಮುಂಗಾರಿಗೆ ಇಟ್ಟುಕೊಂಡಿದ್ದೇವೆ. ಅದಕ್ಕಿಂತ ಮೊದಲು ಮಾಡಿಸಿದರೆ ಅವರ ದುಡ್ಡು ದಂಡ.